ಐರ್ಲೆಂಡಿನ ರೈಲು ರೀಲುಗಳು: ಸ್ಕ್ಯಾನ್ ಮಾಡಿಬಿಟ್ಟರೆ ಉಳಿದ ಹಾಗಾ?

ಐರ್ಲೆಂಡಿನ ಹಳೇ ರೈಲುಗಳನ್ನು ಹವ್ಯಾಸಿಗಳು ಸಣ್ಣ ಸಿನಿ ಕ್ಯಾಮೆರಾದಲ್ಲಿ ತೆಗೆದ ಫಿಲ್ಮ್ ರೀಲುಗಳ ಕಥೆ ಇದು. ಐರ್ಲೆಂಡ್ ಗಣರಾಜ್ಯದಲ್ಲಿ ಸ್ವಂತ ಟಿವಿ ಶುರುವಾಗಿದ್ದು 1961ರ ಡಿಸೆಂಬರ್ 31ರ ರಾತ್ರಿ. ಈ ತಾರೀಖನ್ನು ನೆನಪಲ್ಲಿಟ್ಟುಕೊಂಡು ಅಲ್ಲಿನ ರೈಲು ಮಾರ್ಗಗಳು ಮುಚ್ಚಿದ ತಾರೀಖುಗಳನ್ನು ನೋಡಿ. ಸ್ಲೈಗೊ, ಲೀಟ್ರಿಮ್ ಅಂಡ್ ನಾರ್ದರ್ನ್ ಕೌಂಟೀಸ್ ರೈಲ್ವೆ ನಿಂತಿದ್ದು 1957ರ ಸೆಪ್ಟೆಂಬರ್ ಕೊನೆಗೆ. ಡಬ್ಲಿನ್‌ನ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗ 1958ರ ಕೊನೆಯ ದಿನ. ಕ್ಯಾವನ್ ಅಂಡ್ ಲೀಟ್ರಿಮ್ ನ್ಯಾರೋಗೇಜ್ 1959ರ ಮಾರ್ಚ್. ಹೌತ್ ಗುಡ್ಡದ ಟ್ರಾಮ್ ಅದೇ ವರ್ಷ ಮೇ ತಿಂಗಳು, ಡೊನೆಗಾಲ್ ನ್ಯಾರೋಗೇಜಿನ ಪ್ರಯಾಣಿಕರ ಗಾಡಿ ಅದೇ ಡಿಸೆಂಬರ್ 31. ವೆಸ್ಟ್ ಕ್ಲೇರ್ 1961ರ ಜನವರಿ, ವೆಸ್ಟ್ ಕಾರ್ಕ್ ಅದೇ ಮಾರ್ಚ್. ಟಿವಿ ಕ್ಯಾಮೆರಾ ಬರುವಷ್ಟರಲ್ಲಿ ತೋರಿಸೋಕೆ ಈ ಗಾಡಿಗಳೇ ಇರಲಿಲ್ಲ.

ಗಡಿಯ ಆಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಬಿಬಿಸಿ ಟಿವಿ 1953ರಲ್ಲೇ ಬಂದಿತ್ತು, ನಿಜ. ದಕ್ಷಿಣದ, ಅಂದರೆ ಗಣರಾಜ್ಯದ ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮೊದಲು ಸುದ್ದಿಚಿತ್ರಗಳೂ ಓಡುತ್ತಿದ್ದವು. ಆದರೆ ಅವೆಲ್ಲ ಕಪ್ಪು-ಬಿಳುಪು, ಅದೂ ಒಂದು ಮಾರ್ಗ ಮುಚ್ಚುವ ದಿನ ಹೋಗಿ ಅರ್ಧ ನಿಮಿಷ ತೋರಿಸಿ ಮುಗಿಸಿದ್ದು. ದಿನನಿತ್ಯ ಹಸುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಗಾಡಿ, ಹಳ್ಳಿ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ಹಿಡಿಸುವುದು, ಹಾಲಿನ ಕ್ಯಾನು ಇಳಿಸುವುದು, ಇವು ಬಣ್ಣದಲ್ಲಿ ಓಡಾಡುವುದನ್ನು ಇವತ್ತು ನಾವು ನೋಡಬೇಕಾದರೆ ಹೆಚ್ಚುಕಮ್ಮಿ ಒಂದೇ ದಾರಿ: ಕೈಯಲ್ಲಿ ಸಣ್ಣ ಸಿನಿ ಕ್ಯಾಮೆರಾ ಹಿಡಿದು ಸುಮ್ನೆ ಖುಷಿಗೆ ಅಂತ ಹೋದವರ ರೀಲುಗಳು.

ಈ ರೀಲುಗಳನ್ನು ಉಳಿಸೋದು ಹೇಗೆ, ಯಾರಿಗೆ ತೋರಿಸೋದು, ಯಾರ ಒಪ್ಪಿಗೆ ಬೇಕು ಅನ್ನೋದು ಈಗ ಸುಮಾರು ಗಲಾಟೆಯ ವಿಷಯ. ನನ್ನ ಪ್ರಕಾರ ಚರ್ಚೆ ತಪ್ಪು ಜಾಗದಲ್ಲಿ ನಡೀತಾ ಇದೆ. ಎಲ್ಲರೂ 2ಕೆ, 4ಕೆ, ಯಾವ ಸ್ಕ್ಯಾನರ್ ಅಂತ ಮಾತಾಡ್ತಾರೆ. ಅದಕ್ಕಿಂತ ಬೇಗ ಕೈತಪ್ಪಿ ಹೋಗ್ತಿರೋದು ಬೇರೆ ಇದೆ. ಈ ಚಿತ್ರದಲ್ಲಿ ಇರೋದು ಯಾವ ಊರು, ಯಾವ ವರ್ಷ, ಯಾವ ಗಾಡಿ, ಯಾರು ಅಂತ ಹೇಳಬಲ್ಲವರೇ ಕಡಿಮೆಯಾಗ್ತಾ ಇದ್ದಾರೆ.

ಮೊದಲು ಈ ಚಿತ್ರ ತೆಗೆದವರು ಯಾರು ಅಂತ ನೋಡೋಣ. ಐರ್ಲೆಂಡಿನವರೂ ಇದ್ದರು, ಆದರೆ ಇಂಗ್ಲೆಂಡಿನಿಂದ ರಜೆಗೆ ಬರುತ್ತಿದ್ದ ರೈಲು ಪ್ರೇಮಿಗಳದ್ದು ದೊಡ್ಡ ಪಾಲು. ಯಾಕೆ ಅಂದರೆ ತಮ್ಮೂರಲ್ಲಿ ಕಾಣದೇ ಹೋಗಿದ್ದ ಎಷ್ಟೋ ಇಲ್ಲಿ ಇನ್ನೂ ಓಡುತ್ತಿತ್ತು. ಮೂರಡಿ ಅಗಲದ ನ್ಯಾರೋಗೇಜ್ ಮಾರ್ಗಗಳು. ಹತ್ತೊಂಬತ್ತನೇ ಶತಮಾನದ ಉಗಿ ಇಂಜಿನ್ನುಗಳು. ಫಿಂಟನಾದಲ್ಲಿ ಜಂಕ್ಷನ್ನಿಂದ ಊರಿನವರೆಗೆ ಸುಮಾರು ಒಂದು ಕಿಲೋಮೀಟರ್ ದೂರ ಹಳಿಯ ಮೇಲೆ ಕುದುರೆ ಎಳೆಯುತ್ತಿದ್ದ ಟ್ರಾಮ್ ಇತ್ತು, 1957ರವರೆಗೂ. ಅದರ ಬಂಡಿ ಈಗ ಬೆಲ್‌ಫಾಸ್ಟ್ ಹತ್ತಿರ ಕಲ್ಟ್ರಾದ ಮ್ಯೂಸಿಯಂನಲ್ಲಿದೆ. ಅಲ್ಲಿನ ಬ್ರಾಡ್‌ಗೇಜ್ ಕೂಡ ಬೇರೆಯೇ, ಐದಡಿ ಮೂರಿಂಚು. ನಮ್ಮದು ಐದಡಿ ಆರಿಂಚು, ಇಂಗ್ಲೆಂಡಿನದು ನಾಲ್ಕಡಿ ಎಂಟೂವರೆ ಇಂಚು, ಐರ್ಲೆಂಡ್ ನಡುವೆ ಎಲ್ಲೋ ಇದೆ. ಹಾಗಾಗಿ ಇಂಜಿನ್ನು, ಬೋಗಿ ಎಲ್ಲವೂ ಅಲ್ಲಿಗೇ ಅಂತ ಮಾಡಿದ್ದು, ಬೇರೆ ಕಡೆ ಕಾಣುವಂಥದ್ದಲ್ಲ.

ಇದರ ಪರಿಣಾಮ ಏನಾಯ್ತು ಅಂದರೆ, ಐರ್ಲೆಂಡಿನ ರೈಲು ಇತಿಹಾಸದ ಎಷ್ಟೋ ರೀಲುಗಳು ಇವತ್ತು ಐರ್ಲೆಂಡಿನಲ್ಲಿಲ್ಲ. ಇಂಗ್ಲೆಂಡಿನ ಯಾವುದೋ ಮನೆಯ ಅಟ್ಟದ ಮೇಲೆ ತಗಡಿನ ಡಬ್ಬದಲ್ಲಿವೆ. ಡಬ್ಬದ ಮೇಲೆ "ಐರ್ಲೆಂಡ್ 2" ಅಂತ ಬರೆದಿರುತ್ತೆ. ಅಷ್ಟೇ.

ರೀಲಿನ ಅಳತೆಯೂ ಗೊತ್ತಿರಬೇಕು, ಯಾಕಂದರೆ ಏನು ತೆಗೆದರು, ಏನು ಬಿಟ್ಟರು ಅನ್ನೋದನ್ನು ಅದೇ ತೀರ್ಮಾನಿಸಿತು. ಕೊಡಾಕ್ ಕಂಪನಿ 16 ಮಿ.ಮೀ. ಫಿಲ್ಮ್ ತಂದಿದ್ದು 1923ರಲ್ಲಿ, ಅದಕ್ಕಿಂತ ಅಗ್ಗದ 8 ಮಿ.ಮೀ. 1932ರಲ್ಲಿ, ಸೂಪರ್ 8 ಬಂದಿದ್ದು 1965ರಲ್ಲಿ. ಅಂದರೆ ಐರಿಷ್ ನ್ಯಾರೋಗೇಜಿನ ಕಾಲಕ್ಕೆ ಸಿಗುವುದೆಲ್ಲ 16 ಅಥವಾ ಹಳೇ 8, ಅಲ್ಲೊಂದು ಇಲ್ಲೊಂದು 9.5 ಮಿ.ಮೀ. ಹಳೇ 8 ಮಿ.ಮೀ. ಚಿತ್ರದ ಒಂದು ಚೌಕಟ್ಟು ಐದು ಮಿಲಿಮೀಟರ್ ಅಗಲವೂ ಇಲ್ಲ. 50 ಅಡಿ ರೀಲಿನಲ್ಲಿ ಅಂಥ 4000 ಚೌಕಟ್ಟು, ಸೆಕೆಂಡಿಗೆ 16ರ ಲೆಕ್ಕದಲ್ಲಿ ಓಡಿಸಿದರೆ ನಾಲ್ಕು ನಿಮಿಷ ಚಿಲ್ಲರೆ. ಬಣ್ಣದ ಫಿಲ್ಮ್ ದುಬಾರಿ. ಇಡೀ ರಜೆಗೆ ಮೂರ್ನಾಲ್ಕು ರೀಲು ತಂದವನು ಯಾವುದನ್ನು ತೆಗೀತಾನೆ ಹೇಳಿ? ಇಂಜಿನ್ ಹತ್ತಿರ ಬಂತು, ಒತ್ತಿದ. ಹಾದು ಹೋಯ್ತು, ಬಿಟ್ಟ. ಆರೇಳು ಸೆಕೆಂಡಿನ ತುಣುಕು. ಪ್ರಯಾಣಿಕರ ಮುಖ, ಟಿಕೆಟ್ ಕೌಂಟರ್, ಕಾಯುವ ಕೋಣೆ, ಇವಕ್ಕೆ ಫಿಲ್ಮ್ ಖರ್ಚು ಮಾಡುವಷ್ಟು ಉದಾರಿ ಯಾರೂ ಇರಲಿಲ್ಲ.

ಆದರೂ ಚೌಕಟ್ಟಿನ ಅಂಚಿನಲ್ಲಿ ಬೇಡದೇ ಸಿಕ್ಕಿಬಿದ್ದದ್ದೇ ಈಗ ಹೆಚ್ಚು ಬೆಲೆಯದು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಕಸ್ಟಮ್ಸ್ ಅಧಿಕಾರಿಗಳನ್ನೇ ತಗೊಳ್ಳಿ. 1921ರಲ್ಲಿ ದ್ವೀಪ ಎರಡಾಯಿತು, 1923ರಿಂದ ಗಡಿಯಲ್ಲಿ ಸುಂಕದ ತಪಾಸಣೆ ಶುರುವಾಯಿತು. ಗ್ರೇಟ್ ನಾರ್ದರ್ನ್ ರೈಲ್ವೆಯ ಹಳಿ ಮಾತ್ರ ಆ ಗೆರೆಯನ್ನು ಹತ್ತಾರು ಕಡೆ ದಾಟಿಕೊಂಡೇ ಇತ್ತು. ಡಬ್ಲಿನ್–ಬೆಲ್‌ಫಾಸ್ಟ್ ದಾರಿಯಲ್ಲಿ ಡನ್‌ಡಾಕ್, ಗೋರಾವುಡ್, ಪಶ್ಚಿಮಕ್ಕೆ ಸ್ಟ್ರಬೇನ್, ಬನ್ಡೋರನ್ ಕವಲಿನಲ್ಲಿ ಗಡಿಯ ಮೇಲೇ ಕೂತ ಪೆಟಿಗೊ, ಇಲ್ಲೆಲ್ಲ ಗಾಡಿ ನಿಲ್ಲಿಸಿ ಸಾಮಾನು ನೋಡುತ್ತಿದ್ದರು. ಲೋಕ್ ಡರ್ಗ್ ಕ್ಷೇತ್ರಕ್ಕೆ ಹೋಗುವ ಯಾತ್ರಿಗಳು ಇಳಿಯುತ್ತಿದ್ದದ್ದೂ ಪೆಟಿಗೊದಲ್ಲೇ. ಬ್ರೆಕ್ಸಿಟ್ ಆದಮೇಲೆ ಐರಿಷ್ ಗಡಿ ಅಂದರೆ ಏನಿತ್ತು ಅಂತ ಹುಡುಕುವವರಿಗೆ ಇಂಥ ಹತ್ತು ಸೆಕೆಂಡ್ ಸಿಕ್ಕರೂ ಸಾಕು. ತೆಗೆದವನಿಗೆ ಬೇಕಿದ್ದದ್ದು ಇಂಜಿನ್ ಮಾತ್ರ, ಅದು ಬೇರೆ ಮಾತು.

ಇನ್ನೊಂದು ಕಾರಣಕ್ಕೂ ಈ ರೀಲುಗಳಿಗೆ ಈಗ ಬೇಡಿಕೆ ಬಂದಿದೆ. 2024ರ ಜುಲೈನಲ್ಲಿ ಗಡಿಯ ಎರಡೂ ಕಡೆಯ ಸರ್ಕಾರಗಳು ಸೇರಿ ಇಡೀ ದ್ವೀಪದ ರೈಲು ವಿಮರ್ಶಾ ವರದಿ ಹೊರತಂದವು. 1965ರ ಫೆಬ್ರವರಿಯಲ್ಲಿ ಮುಚ್ಚಿದ ಪೋರ್ಟಡೌನ್–ಓಮಾ–ಡೆರ್ರಿ ಮಾರ್ಗವನ್ನು ಮತ್ತೆ ಹಾಕಬೇಕು ಅನ್ನೋದು ಅದರ ಶಿಫಾರಸುಗಳಲ್ಲೊಂದು. ಹಾಗಾಗಿ ರೈಲು ಹುಚ್ಚರಲ್ಲದವರೂ ಆ ಹಳೇ ಚಿತ್ರ ಹುಡುಕ್ತಾ ಇದ್ದಾರೆ. ಡಬ್ಲಿನ್‌ನಲ್ಲಿ ಐಟಿ ಕೆಲಸಕ್ಕೆ ಅಂತ ಹೋಗಿರೋ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಸ್ಯಾಂಡಿಫರ್ಡ್ ಕಡೆ ಲುವಾಸ್ ಟ್ರಾಮಿನ ಹಸಿರು ಲೈನ್ ಹಿಡಿದು ಆಫೀಸಿಗೆ ಹೋಗ್ತಾರಲ್ಲ, ಅದು ಓಡೋದು ಬಹುಪಾಲು ಆ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗದ ಮೇಲೇ. 1958ರಲ್ಲಿ ಬೇಡ ಅಂತ ಮುಚ್ಚಿ, 2004ರಲ್ಲಿ ಟ್ರಾಮ್ ಆಗಿ ತೆರೆದದ್ದು. ನಡುವಿನ ಸುಮಾರು 45 ವರ್ಷದಲ್ಲಿ ಊರು ಬೆಳೆದುಬಿಟ್ಟಿತ್ತು.

ಈಗ ಕೆಡುವ ವಿಷಯ. ಈ ರೀಲುಗಳ ಮೈ ಬಹುತೇಕ ಅಸಿಟೇಟ್ ಅನ್ನೋ ಪ್ಲಾಸ್ಟಿಕ್. ತೇವ, ಸೆಕೆ ಇದ್ದ ಕಡೆ ಇಟ್ಟರೆ ಅದು ನಿಧಾನಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ. ಡಬ್ಬ ತೆಗೆದರೆ ವಿನೆಗರ್ ವಾಸನೆ ಬರೋದು ಅದಕ್ಕೇ. ಆ ಆಮ್ಲ ಒಡೆಯುವ ಕೆಲಸವನ್ನು ಇನ್ನಷ್ಟು ಜೋರು ಮಾಡುತ್ತೆ, ಅದರ ಹಬೆ ಪಕ್ಕದ ರೀಲಿಗೂ ತಾಗುತ್ತೆ. ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸಿದ ಹಾಗೆ. ಆಮೇಲೆ ಫಿಲ್ಮ್ ಕುಗ್ಗುತ್ತೆ, ಸುರುಳಿ ಸುತ್ತಿಕೊಳ್ಳುತ್ತೆ, ಅಂಚಿನ ತೂತುಗಳ ನಡುವಿನ ಅಂತರ ಕಡಿಮೆಯಾಗುತ್ತೆ. ಆಗ ಅದನ್ನು ಹಳೇ ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲಿಗೆ ಸಿಕ್ಕಿ ಹರಿದೇ ಹೋಗುತ್ತೆ. "ಒಂದ್ಸಲ ಓಡಿಸಿ ನೋಡೋಣ, ಏನಿದೆ ಅಂತ" ಅನ್ನೋ ಕುತೂಹಲದಿಂದಲೇ ಹಾಳಾದ ರೀಲುಗಳು ಕಡಿಮೆಯಲ್ಲ. ಎಷ್ಟು ಕೆಟ್ಟಿದೆ ಅಂತ ನೋಡೋಕೆ ಬಣ್ಣ ಬದಲಿಸುವ ಕಾಗದದ ಪಟ್ಟಿಗಳಿವೆ. ಡಬ್ಬದೊಳಗೆ ಇಟ್ಟು ಒಂದು ದಿನ ಬಿಟ್ಟರೆ ನೀಲಿಯಿಂದ ಹಸಿರು, ಹಳದಿಯ ಕಡೆಗೆ ತಿರುಗುತ್ತೆ. ಹಳದಿಯಾದರೆ ಕಾಯಬೇಡಿ ಅಂತ ಅರ್ಥ.

ಬಣ್ಣದ ವಿಷಯದಲ್ಲಿ ಮಾತ್ರ ಅದೃಷ್ಟ ಇತ್ತು. ಆ ಕಾಲದ ಹವ್ಯಾಸಿಗಳು ಬಳಸಿದ್ದು ಜಾಸ್ತಿ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಅನ್ನೋ ಬಣ್ಣದ ಫಿಲ್ಮ್. ಕತ್ತಲಲ್ಲಿಟ್ಟರೆ ಅದರ ಬಣ್ಣ ಹತ್ತಾರು ವರ್ಷ ಜಗ್ಗುವುದಿಲ್ಲ. ಅದೇ ಕಾಲದಲ್ಲಿ ಥಿಯೇಟರಿಗೆ ಅಂತ ಮಾಡಿದ ದೊಡ್ಡ ಸಿನಿಮಾಗಳ ಪ್ರಿಂಟುಗಳು ಕೆಂಪಗೆ ಗುಲಾಬಿ ಬಣ್ಣಕ್ಕೆ ತಿರುಗಿ ಕೂತಿದ್ದರೆ, ಯಾರೋ ಒಬ್ಬರು ಬೇಲಿ ಮೇಲೆ ಒರಗಿ ತೆಗೆದ ಗ್ರೇಟ್ ನಾರ್ದರ್ನ್ ಇಂಜಿನ್ನಿನ ಆಕಾಶನೀಲಿ ಇವತ್ತಿಗೂ ಹಾಗೇ ಇದೆ. ಇಂಜಿನ್ ರಿಪೇರಿ ಮಾಡಿ ಮತ್ತೆ ಬಣ್ಣ ಬಳಿಯುವವರಿಗೆ ಇದು ಸಾಕ್ಷಿ.

ಇನ್ನು ಸ್ಕ್ಯಾನಿಂಗ್. ತಂತ್ರಜ್ಞಾನ ಈಗ ಚೆನ್ನಾಗಿದೆ, ಹಲ್ಲಿಲ್ಲದ ಉರುಳೆಗಳ ಮೇಲೆ ಫಿಲ್ಮ್ ಸಾಗಿಸಿ ಒಂದೊಂದೇ ಚೌಕಟ್ಟಿನ ಫೋಟೋ ತೆಗೆಯುತ್ತಾರೆ, ಕುಗ್ಗಿದ್ದೂ ನಡೆಯುತ್ತೆ. ನಾಲ್ಕು ನಿಮಿಷದ ಆ 4000 ಚೌಕಟ್ಟನ್ನು 2ಕೆ ಗುಣಮಟ್ಟದಲ್ಲಿ ಕಡತದ ಗಾತ್ರ ಕುಗ್ಗಿಸದೇ ಇಟ್ಟರೆ ಸುಮಾರು 50 ಜಿಬಿ. ಒಂದು ಕ್ಲಬ್ಬಿನ ಹತ್ತಿರ 200 ರೀಲು ಇದ್ದರೆ 10 ಟಿಬಿ, ಅದರ ಎರಡನೇ ನಕಲು ಇನ್ನೊಂದು ಊರಲ್ಲಿ, ಐದಾರು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸೋದು. ಹಾಗಾಗಿ ಈಗ ಎಷ್ಟೋ ಸಂಗ್ರಹಾಲಯಗಳು ಏನೂ ಕಳೆಯದೆ ಗಾತ್ರ ಇಳಿಸುವ ಎಫ್‌ಎಫ್‌ವಿ1 ಅನ್ನೋ ಮುಕ್ತ ಮಾದರಿ ಬಳಸುತ್ತವೆ. ಸ್ವಯಂಸೇವಕರ ಸಂಘಗಳು ಈ ಖರ್ಚಿನ ಬಗ್ಗೆ ಮೊದಲೇ ಯೋಚಿಸದೆ ಕೈ ಹಾಕೋದು ನೋಡಿದರೆ ಭಯ ಆಗುತ್ತೆ. ಸ್ಕ್ಯಾನ್ ಮಾಡಿದ ಒಂದೇ ಹಾರ್ಡ್ ಡಿಸ್ಕ್ ಕಾರ್ಯದರ್ಶಿ ಮನೆಯ ಡ್ರಾಯರಿನಲ್ಲಿದ್ದರೆ, ಫಿಲ್ಮ್ ಡಬ್ಬವೇ ಅದಕ್ಕಿಂತ ಗಟ್ಟಿ.

ವೇಗದ ಎಡವಟ್ಟು ಅಂತೂ ಎಲ್ಲ ಕಡೆ. ಸೆಕೆಂಡಿಗೆ 16 ಚೌಕಟ್ಟಿನಲ್ಲಿ ತೆಗೆದದ್ದನ್ನು ಟಿವಿಯ 25ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟಿಗಿಂತ ಜಾಸ್ತಿ ಜೋರಾಗುತ್ತೆ. ಗಂಟೆಗೆ 40 ಕಿ.ಮೀ. ಓಡುತ್ತಿದ್ದ ನ್ಯಾರೋಗೇಜ್ ಗಾಡಿ 62 ಕಿ.ಮೀ. ಓಡಿದಂತೆ ಕಾಣುತ್ತೆ, ಪೋರ್ಟರು ಸರ್ಕಸ್ ಜೋಕರ್ ಥರ ಓಡಾಡ್ತಾನೆ. 80, 90ರ ದಶಕದಲ್ಲಿ ಮಾರಾಟಕ್ಕೆ ಬಂದ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಇಂಥದ್ದು ಬಹಳ. ಮೇಲೆ ಇನ್ಯಾವುದೋ ಇಂಜಿನ್ನಿನ ಸದ್ದು ಅಂಟಿಸಿ, ಜಿಗ್ ಅನ್ನೋ ಐರಿಷ್ ಕುಣಿತದ ಸಂಗೀತ ಹಾಕಿ ಕೊಟ್ಟಿದ್ದು. ಮೂಲ ರೀಲು ಆಮೇಲೆ ಕಳೆದುಹೋಗಿ ಆ ಕ್ಯಾಸೆಟ್ಟೇ ಏಕೈಕ ಪ್ರತಿಯಾಗಿ ಉಳಿದಿರೋದೂ ಉಂಟು.

ಈಗ ನಾನು ಮೊದಲು ಹೇಳಿದ ಮಾತಿಗೆ ಬರ್ತೀನಿ. ಗುರುತಿಲ್ಲದ ಚಿತ್ರ ಸ್ಕ್ಯಾನ್ ಆಗಿದ್ದರೂ ಅರ್ಧ ಕಳೆದಂತೆಯೇ. ಉಗಿ ಇಂಜಿನ್, ಹಸಿರು ಗುಡ್ಡ, ಮೋಡ. ಇದು ಐರ್ಲೆಂಡಿನ ಎಲ್ಲಿ ಬೇಕಾದರೂ ಆಗಬಹುದು ಅಲ್ವಾ? ಅದನ್ನು ಬಿಡಿಸೋದು ಒಂದು ಪತ್ತೇದಾರಿ ಕೆಲಸ, ಮತ್ತು ಬಹಳ ಮಜಾ ಇರೋ ಕೆಲಸ.

ಉದಾಹರಣೆಗೆ ಸಿಐಇ, ಅಂದರೆ 1945ರಲ್ಲಿ ಹುಟ್ಟಿದ ದಕ್ಷಿಣದ ಸಾರಿಗೆ ಸಂಸ್ಥೆ. 1955ರಲ್ಲಿ ಬಂದ ಅದರ ಎ ಕ್ಲಾಸ್ ಡೀಸೆಲ್ ಇಂಜಿನ್ನುಗಳಿಗೆ ಮೊದಲು ಬೆಳ್ಳಿ ಬಣ್ಣ ಇತ್ತು. ಕೊಳೆ ಎದ್ದು ಕಾಣುತ್ತೆ ಅಂತ ಯಾರಾದರೂ ಹೇಳಬಹುದಿತ್ತು. ಆಮೇಲೆ ಹಸಿರು ಬಂತು, 60ರ ದಶಕದಲ್ಲಿ ಕಪ್ಪು ಬಂತು. ಹಾಗಾಗಿ ಹಿನ್ನೆಲೆಯಲ್ಲಿ ಒಂದು ಬೆಳ್ಳಿ ಡೀಸೆಲ್ ನಿಂತಿದ್ದರೆ ಕಾಲ ಸುಮಾರು ಸಿಕ್ಕಿತು. ಬೋಗಿಯ ಮೇಲೆ ಜನ ತಮಾಷೆಗೆ ಹಾರುವ ಬಸವನಹುಳು ಅಂತ ಕರೆಯುತ್ತಿದ್ದ ಸಿಐಇ ಗುರುತು ಇದೆಯಾ, ಇಲ್ಲವಾ ನೋಡಿ. ಗ್ರೇಟ್ ನಾರ್ದರ್ನ್ ಅನ್ನು 1953ರಲ್ಲಿ ಎರಡೂ ಸರ್ಕಾರ ಜಂಟಿಯಾಗಿ ಕೊಂಡು, 1958ರ ಅಕ್ಟೋಬರಿನಲ್ಲಿ ಇಂಜಿನ್ನು, ಬೋಗಿ ಎಲ್ಲ ಸಮಪಾಲು ಹಂಚಿಕೊಂಡವು. ದಕ್ಷಿಣಕ್ಕೆ ಹೋದ ಇಂಜಿನ್ನಿನ ನಂಬರಿನ ಕೊನೆಗೆ ಇಂಗ್ಲಿಷಿನ ಎನ್ ಅಕ್ಷರ ಸೇರಿಸಿದರು. ಆ ಎನ್ ಕಂಡರೆ ಚಿತ್ರ 1958ಕ್ಕಿಂತ ಹಿಂದಿನದಲ್ಲ. ಸ್ಲೈಗೊ-ಲೀಟ್ರಿಮ್ ಮಾರ್ಗದ ಇಂಜಿನ್ನುಗಳಿಗೆ ನಂಬರೇ ಇರಲಿಲ್ಲ, ಹೆಸರು ಮಾತ್ರ. ಲೋಕ್ ಅರ್ನ್, ಲೋಕ್ ಮೆಲ್ವಿನ್, ಹೀಗೆ. ಆ ಮಾರ್ಗ ನಿಂತದ್ದೂ ತನ್ನ ತಪ್ಪಿಗಲ್ಲ: ಉತ್ತರದ ಸರ್ಕಾರ ಎನ್ನಿಸ್ಕಿಲನ್ ಸುತ್ತಲಿನ ಗ್ರೇಟ್ ನಾರ್ದರ್ನ್ ಮಾರ್ಗಗಳನ್ನು ಮುಚ್ಚಿಸಿತು, ಒಂದು ತುದಿಗೆ ಸಂಪರ್ಕವೇ ಇಲ್ಲದಾಯ್ತು, ಅದೇ ದಿನ ಇದೂ ಮುಚ್ಚಿತು.

ಹಳ್ಳಕ್ಕೆ ಬೀಳಿಸುವ ಸುಳಿವುಗಳೂ ಇವೆ. ಇಂಜಿನ್ ನಂಬರಿನ ಜೊತೆ ಟಿ ಅಕ್ಷರ ಇದ್ದರೆ ಅದು ಟ್ರಾಲೀ–ಡಿಂಗಲ್ ಮಾರ್ಗದ್ದು, ಹಾಗಾದರೆ ಇದು ಕೆರ್ರಿ ಕೌಂಟಿ ಅಂತ ಬರೆದುಬಿಡುತ್ತಾರೆ. ಆದರೆ ಆ ಮಾರ್ಗದಲ್ಲಿ ಪ್ರಯಾಣಿಕರ ಗಾಡಿ 1939ರಲ್ಲೇ ನಿಂತಿತ್ತು, ಕೊನೆಗೆ ತಿಂಗಳಿಗೊಮ್ಮೆ ದನದ ಸಂತೆಗೆ ಮಾತ್ರ ಗಾಡಿ ಬಿಡುತ್ತಿದ್ದರು, ಅದೂ 1953ಕ್ಕೆ ಮುಗಿಯಿತು. ಇಂಜಿನ್ನುಗಳನ್ನು ಕ್ಯಾವನ್–ಲೀಟ್ರಿಮ್‌ಗೆ ಸಾಗಿಸಿ ಅರಿಗ್ನಾ ಗಣಿಯ ಕಲ್ಲಿದ್ದಲು ಎಳೆಯೋಕೆ ಹಚ್ಚಿದರು. 5ಟಿ ಅನ್ನೋ ಇಂಜಿನ್ ಎರಡೂ ಕಡೆ ಓಡಿ, ಅಮೆರಿಕದ ಒಂದು ಮ್ಯೂಸಿಯಂಗೂ ಹೋಗಿ, 1986ರಲ್ಲಿ ವಾಪಸ್ ಬಂದದ್ದು. ಅದೇ ಇಂಜಿನ್, ಊರು ಬೇರೆ, ವರ್ಷ ಬೇರೆ. ಹಿಂದಿನ ಸ್ಟೇಷನ್ ಕಟ್ಟಡ, ಗುಡ್ಡದ ಅಂಚು, ರಸ್ತೆ ಪಕ್ಕದಲ್ಲೇ ಓಡುವ ಹಳಿ, ಇದನ್ನೆಲ್ಲ ನೋಡಿ ಅದು ಬ್ಯಾಲಿನಮೋರೋ ಟ್ರಾಲೀಯೋ ಅಂತ ಹೇಳಬಲ್ಲವರು ಬೇಕು. ಅಂದಹಾಗೆ ಅರಿಗ್ನಾದಲ್ಲೇ 1958ರಲ್ಲಿ ವಿದ್ಯುತ್ ಸ್ಥಾವರ ತೆರೆದರು, ಕಲ್ಲಿದ್ದಲು ಅಲ್ಲೇ ಉರಿಯಿತು, ರೈಲಿಗೆ ಕೆಲಸ ಹೋಯಿತು, ಮರುವರ್ಷ ಮಾರ್ಗ ಮುಚ್ಚಿತು.

ಫಿಲ್ಮೇ ತನ್ನ ಬಗ್ಗೆ ಹೇಳುವ ವಿಷಯಗಳಿವೆ. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನಗಳ ಗುರುತು ಮುದ್ರಿಸಿರುತ್ತಾರೆ. ಅದು ಫಿಲ್ಮ್ ತಯಾರಾದ ವರ್ಷದ ಸಂಕೇತ, 20 ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತೆ. 1936ಕ್ಕೂ 1956ಕ್ಕೂ ಒಂದೇ ಆದರೂ ಚಿತ್ರದಲ್ಲಿ ಸಿಐಇ ಡೀಸೆಲ್ ಇಂಜಿನ್ ನಿಂತಿದ್ದರೆ ಯಾವುದು ಅಂತ ಗೊತ್ತಾಗುತ್ತೆ. ಆದರೆ ಮಾಮೂಲಿ ಸ್ಕ್ಯಾನಿಂಗ್ ಅಂಗಡಿಯವರು ಚಿತ್ರವನ್ನು ಮಾತ್ರ ಕತ್ತರಿಸಿಕೊಟ್ಟು ಅಂಚು ಬಿಟ್ಟುಬಿಡುತ್ತಾರೆ. ಅಲ್ಲಿಗೆ ಆ ಸುಳಿವು ಹೋಯ್ತು. ತೊಳೆದ ಫಿಲ್ಮ್ ಅಂಚೆಯಲ್ಲಿ ಮರಳುತ್ತಿದ್ದ ಹಳದಿ ಡಬ್ಬಿಯ ಮೇಲಿನ ಅಂಚೆ ಮುದ್ರೆಯೂ ತಾರೀಖೇ. ಹಳೇ 8 ಮಿ.ಮೀ. ರೀಲನ್ನು ಅರ್ಧ ತೆಗೆದಮೇಲೆ ತಿರುಗಿಸಿ ಹಾಕಬೇಕಿತ್ತು, ಆಗ ಬೆಳಕು ನುಗ್ಗಿ ಒಂದು ಬಿಳಿ ಹೊಳಪು ಉಳಿಯುತ್ತಿತ್ತು. ಅದನ್ನು ಕೊಳೆ ಅಂತ ಕತ್ತರಿಸಬೇಡಿ, ಒಂದು ರೀಲು ಎಲ್ಲಿಂದ ಎಲ್ಲಿಗೆ ಅಂತ ತಿಳಿಯೋದು ಅದರಿಂದಲೇ. ರೀಲು ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಹರಾಜಾದರಂತೂ ಮುಗೀತು. ಮೂರನೇ ರೀಲಿನಲ್ಲಿ ಸ್ಟೇಷನ್ ಹೆಸರಿನ ಬೋರ್ಡ್ ಇತ್ತು ಅಂತಿಟ್ಟುಕೊಳ್ಳಿ, ನಾಲ್ಕನೆಯದನ್ನು ಕೊಂಡವನಿಗೆ ಅದು ಗೊತ್ತಾಗೋದು ಹೇಗೆ?

ಇಷ್ಟೆಲ್ಲ ಆದಮೇಲೂ ಕೊನೆಗೆ ಬೇಕಾಗೋದು ಜನ. 1957ರಲ್ಲಿ 20 ವರ್ಷದ ಫೈರ್‌ಮನ್ ಆಗಿದ್ದವರು ಹುಟ್ಟಿದ್ದು 1937ರಲ್ಲಿ. ಲೆಕ್ಕ ಹಾಕಿ. ಫಿಲ್ಮನ್ನು ತಣ್ಣಗೆ, ಒಣಗಿದ ಜಾಗದಲ್ಲಿಟ್ಟರೆ ಇನ್ನೂ ಹತ್ತಾರು ವರ್ಷ ಕಾಯುತ್ತೆ. "ಅಲ್ಲಿ ಸಿಗ್ನಲ್ ಕ್ಯಾಬಿನ್ ಮೆಟ್ಟಿಲ ಮೇಲೆ ನಿಂತಿರೋದು ನಮ್ಮಪ್ಪ" ಅನ್ನುವವರು ಕಾಯೋಕಾಗಲ್ಲ. ಆದ್ದರಿಂದ ನನ್ನ ಕೈಯಲ್ಲಿ ದುಡ್ಡಿದ್ದರೆ 50 ರೀಲನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿಸುವ ಬದಲು, 300 ರೀಲಿನ ಸಾಧಾರಣ ನಕಲು ಮಾಡಿಸಿ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಓಮಾ, ಸ್ಟ್ರಬೇನ್, ಬ್ಯಾಲಿನಮೋರ್ ಕಡೆ ಹೋಗಿ ವಯಸ್ಸಾದವರನ್ನು ಕೂರಿಸಿ ತೋರಿಸ್ತೀನಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡ್ತೀನಿ. ವಿನೆಗರ್ ವಾಸನೆ ಬರುವ ರೀಲು ಮಾತ್ರ ಇದಕ್ಕೆ ಹೊರತು, ಅವುಗಳ ಸರದಿ ಮೊದಲು. ತಜ್ಞರು ಇದನ್ನು ಒಪ್ಪಲ್ಲ. ಎರಡೆರಡು ಸಲ ಯಂತ್ರಕ್ಕೆ ಹಾಕೋದು ಫಿಲ್ಮಿಗೆ ಒಳ್ಳೇದಲ್ಲ, ಮಾಡಿದರೆ ಒಮ್ಮೆಯೇ ಸರಿಯಾಗಿ ಮಾಡಿ ಅಂತಾರೆ. ಮಾತು ಸರಿಯೇ, ಆದರೆ ಎರಡನೇ ಸಲಕ್ಕೆ ಅವಕಾಶ ಇರೋದು ಫಿಲ್ಮಿಗೆ ಮಾತ್ರ.

ಹಾಗಾದರೆ ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಟ್ಟರಾಯ್ತಲ್ಲ? ಹಾಕದೇ ಇಟ್ಟುಕೊಂಡವರ ಮೇಲೆ ಕೋಪ ಬರೋದು ಸುಲಭ. ಅವರ ಕಡೆಯಿಂದಲೂ ನೋಡಬೇಕು. ಎಷ್ಟೋ ವರ್ಷ ಹುಡುಕಿ, ಸ್ವಂತ ದುಡ್ಡಲ್ಲಿ ಸ್ಕ್ಯಾನ್ ಮಾಡಿಸಿ, ಸಂಘದ ಸಭೆಯಲ್ಲಿ ತೋರಿಸಿ, ಬಂದ ಚೂರುಪಾರು ಹಣದಲ್ಲಿ ಮುಂದಿನ ರೀಲಿಗೆ ಹೊಂದಿಸಿದವರು ಅವರು. ಅಂತರ್ಜಾಲಕ್ಕೆ ಹಾಕಿದ ವಾರದಲ್ಲೇ ಬೇರೆ ಯಾರೋ ಅದನ್ನು ಇಳಿಸಿಕೊಂಡು, ಹೆಸರು ಅಳಿಸಿ, ತಮ್ಮ ಚಾನೆಲ್ಲಿಗೆ ಏರಿಸಿ ಜಾಹೀರಾತಿನ ದುಡ್ಡು ಎಣಿಸಿದರೆ ಹೊಟ್ಟೆ ಉರಿಯಲ್ವಾ? ಅದಕ್ಕೇ ಚಿತ್ರದ ನಟ್ಟನಡುವೆ ದಪ್ಪ ವಾಟರ್‌ಮಾರ್ಕ್ ಹಾಕುತ್ತಾರೆ. ಅದು ಸರಿಯಾಗಿ ಇಂಜಿನ್ ನಂಬರಿನ ಮೇಲೇ ಬಂದು ಕೂರುತ್ತೆ! ಆದರೂ ತೋರಿಸಲೇಬೇಕು ಅನ್ನೋದು ನನ್ನ ಹಟ. ಗುರುತು ಹಿಡಿಯುವವರು ಎಲ್ಲಿದ್ದಾರೆ ಅಂತ ನಮಗೆ ಮೊದಲೇ ಗೊತ್ತಿರಲ್ಲ. ಡೊನೆಗಾಲ್‌ನಿಂದ ಗ್ಲಾಸ್ಗೋಗೋ ಬಾಸ್ಟನ್ನಿಗೋ ಹೋದ ಮನೆತನದ ಮೊಮ್ಮಗಳು ಡಬ್ಲಿನ್ ಸಭೆಗೆ ಬರಲ್ಲ.

ಎಐ ಬಗ್ಗೆಯೂ ಹೇಳಿಬಿಡ್ತೀನಿ. ಹಳೇ ಚಿತ್ರವನ್ನು 4ಕೆ ಮಾಡಿ, ಸೆಕೆಂಡಿಗೆ 60 ಚೌಕಟ್ಟು ಮಾಡಿ, ಕಪ್ಪು-ಬಿಳುಪಿಗೆ ಬಣ್ಣ ಬಳಿದು ಹಾಕೋದು ಈಗ ಫ್ಯಾಷನ್. ನೋಡೋಕೆ ನುಣ್ಣಗಿರುತ್ತೆ. ಆದರೆ ಐದು ಮಿಲಿಮೀಟರಿನ ಚೌಕಟ್ಟಿನಲ್ಲಿ ಇಲ್ಲದ ವಿವರವನ್ನು ತಂತ್ರಾಂಶ ಎಲ್ಲಿಂದ ತರುತ್ತೆ? ತಾನೇ ಊಹಿಸಿ ತುಂಬುತ್ತೆ. ನಂಬರ್ ಫಲಕದಲ್ಲಿ ಯಾವ ಭಾಷೆಯದೂ ಅಲ್ಲದ ಅಕ್ಷರ ಮೂಡುತ್ತೆ, ತಿರುಗುವ ಚಕ್ರದ ಅರಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಚಕ್ರ ತಳ್ಳುವ ರಾಡು ನಡುವೆ ಮಾಯವಾಗುತ್ತೆ. ಬಣ್ಣ ಇನ್ನೂ ಅಪಾಯ. ಗ್ರೇಟ್ ನಾರ್ದರ್ನ್ ನೀಲಿಯ ಬದಲು ಎಲ್ಲ ಇಂಜಿನ್ನಿಗೂ ಒಂದೇ ಮಬ್ಬು ಹಸಿರು ಬಳಿದಿಟ್ಟರೆ, ಹತ್ತು ವರ್ಷದ ನಂತರ ಅದನ್ನೇ ನಂಬಿ ಮಾಡೆಲ್ ಮಾಡುವವರು, ಲೇಖನ ಬರೆಯುವವರು ಇರ್ತಾರೆ.

ಸಂಸ್ಥೆಗಳೇನು ಕಡಿಮೆ ಇಲ್ಲ. ಡಬ್ಲಿನ್‌ನ ಐರಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಫಿಲ್ಮ್ ಆರ್ಕೈವ್ ಇದೆ, 2016ರಿಂದ ಅವರ ಐಎಫ್‌ಐ ಪ್ಲೇಯರಿನಲ್ಲಿ ಹವ್ಯಾಸಿಗಳು ತೆಗೆದ ಚಿತ್ರಗಳನ್ನೂ ಯಾವ ದೇಶದಿಂದ ಬೇಕಾದರೂ ಪುಕ್ಕಟೆ ನೋಡಬಹುದು. ಉತ್ತರದಲ್ಲಿ ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್‌ನ ಡಿಜಿಟಲ್ ಫಿಲ್ಮ್ ಆರ್ಕೈವ್ ಇದೆ. ರೈಲಿಗೇ ಅಂತ 1946ರಲ್ಲಿ ಶುರುವಾದ ಐರಿಷ್ ರೈಲ್ವೆ ರೆಕಾರ್ಡ್ ಸೊಸೈಟಿ, ವೈಟ್‌ಹೆಡ್‌ನಲ್ಲಿ ಉಗಿ ಇಂಜಿನ್ ಓಡಿಸುತ್ತಿರುವ 1964ರ ರೈಲ್ವೆ ಪ್ರಿಸರ್ವೇಶನ್ ಸೊಸೈಟಿ ಆಫ್ ಐರ್ಲೆಂಡ್ ಇವೆ. ಆರ್ಕೈವ್‌ಗಳಿಗೆ ಫಿಲ್ಮ್ ಗೊತ್ತು, ರೈಲು ಅಷ್ಟಾಗಿ ಗೊತ್ತಿಲ್ಲ. ಸಂಘಗಳಿಗೆ ರೈಲು ಗೊತ್ತು, ತಣ್ಣನೆಯ ಕೋಠಿ ಇಲ್ಲ. ಫಿಲ್ಮ್ ಆರ್ಕೈವಿನಲ್ಲಿ, ವಿವರಣೆ ಬರೆಯುವ ಕೆಲಸ ಸಂಘದವರ ಕೈಯಲ್ಲಿ ಅಂತ ಮಾಡಿದರೆ ಅರ್ಧ ತಾಪತ್ರಯ ಮುಗಿಯುತ್ತೆ.

ಉಳಿದ ಅರ್ಧ ಕಾನೂನು. ರೀಲು ನಿಮ್ಮ ಹತ್ತಿರ ಇದ್ದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ. ಸಾಮಾನ್ಯ ನಿಯಮದ ಪ್ರಕಾರ ತೆಗೆದವರು ತೀರಿಕೊಂಡ ಮೇಲೆ 70 ವರ್ಷ ಹಕ್ಕುಸ್ವಾಮ್ಯ ಇರುತ್ತೆ. 1958ರಲ್ಲಿ ತೆಗೆದವರು 1990ರಲ್ಲಿ ಹೋಗಿದ್ದರೆ 2060ರ ಕೊನೆವರೆಗೆ. ಹಕ್ಕು ವಾರಸುದಾರರದ್ದು, ಅವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಇಂಥ ಅನಾಥ ಕೃತಿಗಳಿಗೆ ಯುರೋಪಿಯನ್ ಒಕ್ಕೂಟ 2012ರಲ್ಲಿ ಒಂದು ದಾರಿ ಮಾಡಿತು, ಆದರೆ ಅದನ್ನು ಬರೆದದ್ದು ಮುಖ್ಯವಾಗಿ ಎಲ್ಲೋ ಒಮ್ಮೆ ಪ್ರಕಟವಾದ, ಪ್ರಸಾರವಾದ ಕೃತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮನೆಯ ಗೋಡೆ ಮೇಲೆ ಮಾತ್ರ ಓಡಿದ ರೀಲಿಗೆ ಅದು ಸರಿಯಾಗಿ ಹೊಂದಲ್ಲ. 2019ರ ಹಕ್ಕುಸ್ವಾಮ್ಯ ನಿರ್ದೇಶನ ಇನ್ನೂ ಉಪಯೋಗದ್ದು: ಮಾರುಕಟ್ಟೆಯಲ್ಲಿಲ್ಲದ ಕೃತಿಗಳನ್ನು ಸಂಗ್ರಹಾಲಯಗಳು ತೋರಿಸಬಹುದು ಅನ್ನುವಾಗ, ಎಂದೂ ಮಾರಾಟಕ್ಕೆ ಬಾರದ ಹವ್ಯಾಸಿ ದೃಶ್ಯಚಿತ್ರಗಳನ್ನು ಅದು ಹೆಸರಿಸಿಯೇ ಹೇಳುತ್ತೆ. ಆರು ತಿಂಗಳು ಮೊದಲು ಒಕ್ಕೂಟದ ಜಾಲತಾಣದಲ್ಲಿ ಪ್ರಕಟಣೆ ಹಾಕಬೇಕು, ಹಕ್ಕುದಾರರು ಬಂದು ಬೇಡ ಅಂದರೆ ತೆಗೆಯಬೇಕು.

ಇದರ ಲಾಭ ಸಿಗೋದು ಗ್ರಂಥಾಲಯ, ಮ್ಯೂಸಿಯಂ, ಆರ್ಕೈವ್‌ಗಳಿಗೆ. ಯೂಟ್ಯೂಬ್ ಚಾನೆಲ್ ಇಟ್ಟುಕೊಂಡ ವ್ಯಕ್ತಿಗಲ್ಲ. ಮತ್ತೆ ಇದು ಗಡಿಯ ದಕ್ಷಿಣಕ್ಕೆ ಮಾತ್ರ. ಬ್ರಿಟನ್ ಒಕ್ಕೂಟ ಬಿಟ್ಟಿದ್ದರಿಂದ ಉತ್ತರ ಐರ್ಲೆಂಡಿನ ಸಂಸ್ಥೆಗಳಿಗೆ 2021ರ ಜನವರಿಯಿಂದ ಆ ಹಳೇ ಅನಾಥ ಕೃತಿ ವಿನಾಯಿತಿಯೂ ಇಲ್ಲ, ಈ ಹೊಸದೂ ಇಲ್ಲ. ಅಲ್ಲಿ ಬ್ರಿಟಿಷ್ ಬೌದ್ಧಿಕ ಆಸ್ತಿ ಕಚೇರಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೈಸೆನ್ಸ್ ಪಡೆಯಬೇಕು. ಡನ್‌ಡಾಕ್‌ನಲ್ಲಿ ಹತ್ತಿ ಗೋರಾವುಡ್‌ನಲ್ಲಿ ಇಳಿಯುವವರೆಗೆ ಒಬ್ಬನೇ ತೆಗೆದ ಒಂದೇ ರೀಲಿಗೆ, ಅದು ಯಾವ ಕಡೆಯ ಕಪಾಟಿನಲ್ಲಿದೆ ಅನ್ನೋದರ ಮೇಲೆ ಎರಡು ಕಾನೂನು.

ಇಷ್ಟೆಲ್ಲ ಸುತ್ತಾಟ ತಪ್ಪಿಸೋಕೆ ಒಂದು ಹಾಳೆ ಸಾಕು. ತೆಗೆದವರು ಇನ್ನೂ ಇದ್ದರೆ ಅವರಿಂದ, ಇಲ್ಲದಿದ್ದರೆ ಮಕ್ಕಳಿಂದ, ಈ ಸಂಸ್ಥೆ ಇದನ್ನು ನಕಲು ಮಾಡಬಹುದು, ಅಂತರ್ಜಾಲದಲ್ಲಿ ತೋರಿಸಬಹುದು, ನಮ್ಮ ಹೆಸರು ಹಾಕಬೇಕು ಅಂತ ಒಂದು ಸಹಿ. ಜೊತೆಗೆ ಡಬ್ಬ, ಹಳದಿ ಡಬ್ಬಿ, ನೋಟ್‌ಬುಕ್ ಏನಿದ್ದರೂ ರೀಲಿನ ಜೊತೆಯೇ ಹೋಗಲಿ. ಸಂಘದವರು ರೀಲು ಕೇಳೋಕೆ ಹೋದಾಗ ಹೆಚ್ಚಿನವರು ಈ ಕಾಗದ ತಗೊಂಡು ಹೋಗಿರಲ್ಲ, ಆಮೇಲೆ ಕಳಿಸ್ತೀವಿ ಅಂತಾರೆ. ಮೊದಲು ಅದನ್ನು ಮೇಜಿನ ಮೇಲಿಡಿ, ಚಹಾ ಆಮೇಲೆ ಕುಡಿಯೋಣ.